ಕೋಶದಿಂದ ಕೋಶಕ್ಕೆ ದಾಟುವ ಎಚ್‌ಐವಿಯನ್ನು ಮಾತ್ರೆ ತಡೆಯಬಲ್ಲದೇ?

ಪ್ರಶ್ನೆ: ನನ್ನ ಅಣ್ಣ ಆರು ವರ್ಷಗಳಿಂದ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ವೈರಲ್ ಲೋಡ್ ವರದಿಯಲ್ಲಿ ‘ವೈರಸ್ ಪತ್ತೆಯಾಗಿಲ್ಲ’ ಎಂದೇ ಬರುತ್ತಿದೆ. ಅತ್ತಿಗೆಗೆ ಸೋಂಕಿಲ್ಲ. ಬಿಎಸ್‌ಸಿ ಓದುತ್ತಿರುವ ನನ್ನ ಮಗಳು, ಎಚ್‌ಐವಿ ರಕ್ತಕ್ಕೆ ಬಾರದೆಯೇ ಒಂದು ಕೋಶದಿಂದ ಇನ್ನೊಂದಕ್ಕೆ ನೇರವಾಗಿ ದಾಟುತ್ತದೆ ಎನ್ನುತ್ತಾಳೆ. ಹಾಗಾದರೆ ರಕ್ತದ ವರದಿಯನ್ನು ನಂಬುವುದು ಹೇಗೆ? ಈ ಮಾತು ಕೇಳಿದಂದಿನಿಂದ ಅವ್ವ ಅಣ್ಣನ ತಾಟು, ಲೋಟ ಬೇರೆ ಇಟ್ಟಿದ್ದಾಳೆ.
– ಓದುಗರು, ಗದಗ ಜಿಲ್ಲೆ

ಉತ್ತರ: ಮೊದಲು ಆ ತಾಟನ್ನು ಉಳಿದವುಗಳ ಜೊತೆಗೇ ಇಡಲು ಹೇಳಿ. ಎಂಜಲಿನಿಂದಾಗಲಿ, ಒಟ್ಟಿಗೆ ಕುಳಿತು ಉಣ್ಣುವುದರಿಂದಾಗಲಿ ಎಚ್‌ಐವಿ ಹರಡುವುದಿಲ್ಲ. ಮಾತ್ರೆಯನ್ನೇ ತೆಗೆದುಕೊಳ್ಳದವರಿಂದಲೂ ಹಾಗೆ ಹರಡುವುದಿಲ್ಲ. ಮಗಳು ಓದಿರುವುದು ಒಂದೇ ದೇಹದೊಳಗೆ ನಡೆಯುವ ಸಂಗತಿ.

ಅವಳ ಮಾತು ನಿಜವೇ. ಎಚ್‌ಐವಿ ಮುಖ್ಯವಾಗಿ ಹಿಡಿಯುವುದು ಸಿಡಿ4 ಪ್ರೋಟೀನ್ ಇರುವ ಟಿ ಕೋಶಗಳನ್ನು, ಅಂದರೆ ರೋಗಾಣುಗಳ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳನ್ನು. ಸೋಂಕಿತ ಕೋಶದ ಹೊರಮೈಯಲ್ಲಿ ವೈರಸ್ಸಿನ ಹೊದಿಕೆಯ ಪ್ರೋಟೀನ್ ಮೂಡಿರುತ್ತದೆ. ಪಕ್ಕದ ಕೋಶದ ಸಿಡಿ4 ಅದಕ್ಕೆ ಅಂಟಿಕೊಂಡಾಗ ಎರಡೂ ಮೈಗೆ ಮೈ ಹಚ್ಚಿ ನಿಲ್ಲುತ್ತವೆ. ಹೊಸ ವೈರಸ್ ಕಣಗಳು ಆ ಸಂದಿಗೇ ಇಳಿಯುತ್ತವೆ. ಹಿತ್ತಲ ಗೋಡೆಯ ಮೇಲಿಂದ ನೆರೆಮನೆಗೆ ರೊಟ್ಟಿ ದಾಟಿಸಿದ ಹಾಗೆ, ಬೀದಿಗೆ ಬರುವ ಪ್ರಮೇಯವೇ ಇಲ್ಲ. ಇಂಥ ಸಂಧಿಯನ್ನು 2003ರಲ್ಲಿ ಎಚ್‌ಟಿಎಲ್‌ವಿ-1 ಎಂಬ ವೈರಸ್ಸಿನಲ್ಲಿ, ಮರುವರ್ಷ ಎಚ್‌ಐವಿಯಲ್ಲಿ ವಿಜ್ಞಾನಿಗಳು ವಿವರಿಸಿದರು. ಟಿ ಕೋಶಗಳು ಕಿಕ್ಕಿರಿದಿರುವ ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಇದಕ್ಕೆ ಹೆಚ್ಚು ಅನುಕೂಲ. ರೋಗಾಣುವಿನ ಗುರುತನ್ನು ಟಿ ಕೋಶಕ್ಕೆ ತೋರಿಸಿಕೊಡಬೇಕಾದ ಡೆಂಡ್ರಿಟಿಕ್ ಕೋಶಗಳು ಕೂಡ, ತಮಗೆ ಸೋಂಕು ತಗಲದಿದ್ದರೂ, ವೈರಸ್ಸನ್ನು ಹಿಡಿದು ತಂದು ಅದಕ್ಕೆ ಒಪ್ಪಿಸಿಬಿಡಬಲ್ಲವು.

ಆದರೆ ಕೋಶದ ಒಳಹೊಕ್ಕ ಮಾತ್ರಕ್ಕೆ ವೈರಸ್ಸಿನ ಕೆಲಸ ಮುಗಿಯುವುದಿಲ್ಲ. ತನ್ನ ಆರ್‌ಎನ್‌ಎಯಿಂದ ಡಿಎನ್‌ಎ ಮಾಡಿಕೊಳ್ಳಬೇಕು, ಅದನ್ನು ನಮ್ಮ ಡಿಎನ್‌ಎಗೆ ಸೇರಿಸಬೇಕು. ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಈಗ ಹೆಚ್ಚಿನವರಿಗೆ ಕೊಡುವ ಮಾತ್ರೆಯಲ್ಲಿ ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಮೊದಲ ಹಂತವನ್ನು, ಡೊಲುಟೆಗ್ರಾವಿರ್ ಎರಡನೆಯದನ್ನು ತಡೆಯುತ್ತವೆ. ಎರಡೂ ಹಂತಗಳು ನಡೆಯುವುದು ಕೋಶದ ಒಳಗೇ. ವೈರಸ್ ರಕ್ತದ ಮೂಲಕ ಬಂದಿತೋ ಪಕ್ಕದ ಕೋಶದಿಂದ ಬಂದಿತೋ ಎಂಬುದರಿಂದ ವ್ಯತ್ಯಾಸವಾಗದು. ಒಂದು ಎಚ್ಚರಿಕೆ ಮಾತ್ರ ಇದೆ: ನೇರವಾಗಿ ದಾಟುವಾಗ ಒಂದೇ ಕೋಶಕ್ಕೆ ಹಲವು ವೈರಸ್‌ಗಳು ಒಮ್ಮೆಲೇ ನುಗ್ಗಬಹುದು. ಪ್ರಯೋಗಾಲಯದಲ್ಲಿ ಕೆಲವು ಔಷಧಗಳು ಒಂಟಿಯಾಗಿ ಇದಕ್ಕೆ ಸಾಲದಾದರೂ, ಕೂಡಿಸಿ ಕೊಟ್ಟಾಗ ತಡೆದಿವೆ. ಜಾತ್ರೆ, ಮದುವೆ, ಸುಗ್ಗಿ ಏನೇ ಇರಲಿ, ಅಣ್ಣ ಮಾತ್ರೆ ತಪ್ಪಿಸಬಾರದು.

ಇನ್ನು ವರದಿಯ ವಿಚಾರ. ವೈರಲ್ ಲೋಡ್ ಪರೀಕ್ಷೆ ಅಳೆಯುವುದು ರಕ್ತದ ಪ್ಲಾಸ್ಮಾದಲ್ಲಿರುವ ವೈರಸ್ಸನ್ನು ಎಂಬುದು ಸರಿ. ಆದರೆ ಗ್ರಂಥಿಗಳಲ್ಲಿ ವೈರಸ್ ಲಂಗುಲಗಾಮಿಲ್ಲದೆ ಹುಟ್ಟುತ್ತಿದ್ದರೆ ಅದು ರಕ್ತಕ್ಕೆ ಸೋರದೆ ಇರುವುದಿಲ್ಲ. ಕೆಲವು ಕೋಶಗಳಲ್ಲಿ ಅದರ ಡಿಎನ್‌ಎ ಸುಮ್ಮನೆ ಅಡಗಿರುತ್ತದೆ, ಮಾತ್ರೆ ಬಿಟ್ಟರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮತ್ತೆ ತಲೆಯೆತ್ತುತ್ತದೆ. ಹಾಗಾಗಿಯೇ ಅಣ್ಣ ರಕ್ತದಾನ ಮಾಡುವಂತಿಲ್ಲ.

ಅತ್ತಿಗೆಯ ಬಗ್ಗೆ ನಿಶ್ಚಿಂತೆಯಿಂದಿರಿ. ಯುರೋಪಿನ ‘ಪಾರ್ಟ್ನರ್’ ಅಧ್ಯಯನದಲ್ಲಿ, ಸೋಂಕಿತ ಸಂಗಾತಿಯ ವೈರಲ್ ಲೋಡ್ ಒಂದು ಮಿಲಿಲೀಟರಿಗೆ 200 ಪ್ರತಿಗಳಿಗಿಂತ ಕಡಿಮೆ ಇದ್ದ ಜೋಡಿಗಳು ಕಾಂಡೋಮ್ ಇಲ್ಲದೆ ಕೂಡಿದರೂ ಅವರಿಂದ ಸಂಗಾತಿಗೆ ಸೋಂಕು ದಾಟಿದ ಒಂದು ಪ್ರಕರಣವೂ ಕಂಡುಬರಲಿಲ್ಲ. 2016 ಮತ್ತು 2019ರಲ್ಲಿ ಪ್ರಕಟವಾದ ಎರಡೂ ಹಂತಗಳ ಫಲಿತಾಂಶ ಇದೇ.

ಅಣ್ಣ ಒಪ್ಪಿದರೆ, ಮುಂದಿನ ಸಲ ಮಾತ್ರೆ ತರಲು ಹೋಗುವಾಗ ಅವ್ವನನ್ನೂ ಎಆರ್‌ಟಿ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ತಾಟಿನ ಭಯವನ್ನು ಅವಳೇ ಅಲ್ಲಿನ ಆಪ್ತಸಮಾಲೋಚಕರ ಮುಂದೆ ಹೇಳಿಕೊಳ್ಳಲಿ.