ಹಿಂದಿನ ಸೀಟಿನವರೇ ಏಕೆ ಹೊಂದಿಕೊಳ್ಳಬೇಕು?

ದಾವಣಗೆರೆಯ ವಿದ್ಯಾನಗರದಿಂದ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಬರೆದಿದ್ದಾರೆ: “ಮನೆಯಲ್ಲಿ ಐದು ಜನ. ಮಗ ದ್ವಿತೀಯ ಪಿಯುಸಿ, ಮಗಳು ಒಂಬತ್ತನೆಯ ತರಗತಿ, ಅತ್ತೆಯವರಿಗೆ 74. ಇರುವ ಸಣ್ಣ ಕಾರಿಗೆ ಹನ್ನೊಂದು ವರ್ಷವಾಯಿತು, ಅದನ್ನು ಕೊಟ್ಟು ಬೇರೆ ತೆಗೆದುಕೊಳ್ಳಬೇಕೆಂದಿದ್ದೇವೆ. ಕೈಯಲ್ಲಿ ಎಂಟು ಲಕ್ಷವಿದೆ. ಇನ್ನಷ್ಟು ಸಾಲ ಮಾಡಿ ಸನ್‌ರೂಫ್ ಇರುವ ಹೊಸ ಸಣ್ಣ ಎಸ್‌ಯುವಿ ತೆಗೆದುಕೊಳ್ಳೋಣ ಎನ್ನುತ್ತಾರೆ ನಮ್ಮ ಯಜಮಾನರು. ನನಗೆ ಸಾಲವಿಲ್ಲದೆ ಬರುವ ಹಳೆಯ ಏಳು ಸೀಟಿನ ಗಾಡಿಯೇ ವಾಸಿ ಎನಿಸುತ್ತದೆ. ಆದರೆ ಸೆಕೆಂಡ್ ಹ್ಯಾಂಡ್ ಎಂದರೆ ನೆಂಟರಿಷ್ಟರು ಏನೆನ್ನುತ್ತಾರೋ ಎಂಬ ಅಳುಕು. ಮಕ್ಕಳು ಹೇಗೂ ಹೊಂದಿಕೊಳ್ಳುತ್ತಾರೆ. ಈಗಲೂ ಮಗಳು ನಡುವೆ ಕೂರುತ್ತಾಳೆ. ಯಾವುದು ಸರಿ?”

‘ಈಗಲೂ ಮಗಳು ನಡುವೆ ಕೂರುತ್ತಾಳೆ’ ಎಂಬಲ್ಲಿಗೆ ನಾನು ಪತ್ರವನ್ನು ಮೇಜಿನ ಮೇಲಿಟ್ಟೆ. ಎಷ್ಟು ವರ್ಷದಿಂದ ಕೂರುತ್ತಿದ್ದಾಳೆ, ಟೀಚರೇ? ಮೂರು ವರ್ಷದವಳಿದ್ದಾಗಿನಿಂದ ಇರಬೇಕು. ಆಗ ಅವಳು ಅಜ್ಜಿಯ ತೊಡೆಗೂ ಅಣ್ಣನ ತೋಳಿಗೂ ಒರಗಿ ನಿದ್ದೆ ಹೋಗುತ್ತಿದ್ದ ಕೂಸು. ಈಗ ಹದಿನಾಲ್ಕರ ಹುಡುಗಿ, ಬಹುಶಃ ನಿಮ್ಮ ಹೆಗಲಿಗಿಂತ ಮೇಲೆ ಬಂದಿದ್ದಾಳೆ. ಅವಳು ಬೆಳೆದಳು, ಅವಳ ಜಾಗ ಬೆಳೆಯಲಿಲ್ಲ.

ಸಣ್ಣ ಕಾರಿನಲ್ಲಿ ಆ ನಡುವಿನ ಜಾಗವನ್ನು ಸೀಟು ಎಂದು ಕರೆಯುವುದೇ ತಪ್ಪು. ಎರಡು ಸೀಟುಗಳ ಅಂಚು ಕೂಡುವ ಗಟ್ಟಿ ಉಬ್ಬು ಅದು. ಕಾಲಿಡಲು ಹೋದರೆ ನೆಲದಲ್ಲಿ ಅಡ್ಡಕ್ಕೆ ಸಿಗುವ ದಿಂಡು. ಒಂದು ಪಾದ ಅಣ್ಣನ ಕಡೆ, ಇನ್ನೊಂದು ಅಜ್ಜಿಯ ಕಡೆ. ಎಷ್ಟೋ ಹಳೆಯ ಕಾರುಗಳಲ್ಲಿ ಅಲ್ಲಿಗೆ ತಲೆದಿಂಬಿಲ್ಲ. ಬೆಲ್ಟ್ ಇದ್ದರೂ ಅದು ಸೊಂಟಕ್ಕೆ ಮಾತ್ರ. ಕಳೆದ ಬೇಸಿಗೆಯಲ್ಲಿ ನೆಂಟರೊಬ್ಬರ ಹೊಸ ಕಾರಿನಲ್ಲಿ ಹಿರಿಯೂರಿನ ಮದುವೆಗೆ ಹೋಗುವಾಗ ನಾನೇ ಆ ಜಾಗದಲ್ಲಿ ಕುಳಿತಿದ್ದೆ. ಹೆಬ್ಬಾಳು ಟೋಲ್ ಬರುವಷ್ಟರಲ್ಲಿ ಸೊಂಟ ಹಿಡಿಯಿತು, ಚಿತ್ರದುರ್ಗ ದಾಟುವಷ್ಟರಲ್ಲಿ ಎಡಗಾಲು ಜೋಮು ಹಿಡಿಯಿತು. ನನ್ನ ಮುಖ ನೋಡಿ ಪಾಪ ಅವರು ಸನ್‌ರೂಫ್ ತೆರೆದರು. ದುರ್ಗದ ಬಿಸಿಲು ನೆತ್ತಿಯ ಮೇಲೆ ಸುರಿಯಿತು. ಎರಡೇ ನಿಮಿಷದಲ್ಲಿ ಮುಚ್ಚಿದರು.

ನಿಮ್ಮ ಯಜಮಾನರ ಮಾತಿನಲ್ಲೂ ಹುರುಳಿದೆ, ಇಲ್ಲವೆನ್ನುವುದಿಲ್ಲ. ಹೊಸ ಗಾಡಿಗೆ ವಾರಂಟಿ ಇರುತ್ತದೆ, ಏರ್‌ಬ್ಯಾಗ್‌ಗಳು ಹೆಚ್ಚಿರುತ್ತವೆ, ಮಂಡಿಪೇಟೆಯ ಸಂದಿಯಲ್ಲಿ ನಿಲ್ಲಿಸಲು ಸಣ್ಣದೇ ಸುಲಭ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಇಷ್ಟನ್ನು ಒಪ್ಪಿಕೊಂಡ ಮೇಲೂ ನನ್ನ ಮತ ನಿಮಗೇ.

ಆ ‘ಸಣ್ಣ’ ಎಂಬ ಮಾತಿಗೆ ಒಂದು ಚರಿತ್ರೆಯಿದೆ. 2006ರ ಕೇಂದ್ರ ಬಜೆಟ್ ಸಣ್ಣ ಕಾರುಗಳ ತಯಾರಿಕೆಯ ಮೇಲಿನ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿತು. ಸಣ್ಣದು ಎಂದರೆ ಯಾವುದು? ಉದ್ದ ನಾಲ್ಕು ಮೀಟರ್ ಮೀರಬಾರದು. ಎಂಜಿನ್ ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರಬಾರದು. ಅಂದಿನಿಂದ ಕಂಪನಿಗಳೆಲ್ಲ ಆ ನಾಲ್ಕು ಮೀಟರಿನ ಗೆರೆಯೊಳಗೆ ಗಾಡಿ ಕೂರಿಸಲು ಹೊರಟವು. ಮುಂದೆ ಎಂಜಿನ್ನಿಗೆ ಜಾಗ ಬೇಕೇ ಬೇಕು, ಚಾಲಕನಿಗೂ ಬೇಕು. ಉಳಿದ ಕೊರತೆಯನ್ನೆಲ್ಲ ಹಿಂದಿನವರ ಮೊಣಕಾಲು ಮತ್ತು ಡಿಕ್ಕಿ ಹಂಚಿಕೊಂಡವು. ಎತ್ತರದ ಬಾನೆಟ್, ಅಗಲದ ಚಕ್ರ ಇಟ್ಟು ಹೊರಗಿನಿಂದ ದೊಡ್ಡದಾಗಿ ಕಾಣಿಸಿದರೂ ಒಳಗಿನ ಗೇಣು ಗೇಣೇ. ಸನ್‌ರೂಫ್ ಇಟ್ಟರೆ ಅದರ ಚೌಕಟ್ಟು ಛಾವಣಿಯೊಳಗೆ ಕೂರಬೇಕು, ಆಗ ಎತ್ತರದ ಹುಡುಗನ ತಲೆಯ ಮೇಲಿನ ಜಾಗವೂ ಕಡಿಮೆಯಾಗುತ್ತದೆ.

ಹಿಂದಿನವರನ್ನು ನೆನೆದು ಕಾರು ಕಟ್ಟಿದವರೂ ಇದ್ದಾರೆ. ಇಂಗ್ಲೆಂಡಿನಲ್ಲಿ 1959ರಲ್ಲಿ ಮಿನಿ ಕಾರು ಬಂದಾಗ ಅದರ ಉದ್ದ ಹತ್ತೇ ಅಡಿ. ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರ್ ಎಂಜಿನ್ನನ್ನು ಅಡ್ಡಡ್ಡ ಮಲಗಿಸಿ, ಚಕ್ರಗಳನ್ನು ನಾಲ್ಕು ಮೂಲೆಗೆ ತಳ್ಳಿ, ಆ ಹತ್ತಡಿಯಲ್ಲಿ ಸುಮಾರು ಶೇ 80ರಷ್ಟು ಜಾಗವನ್ನು ಜನಕ್ಕೂ ಸಾಮಾನಿಗೂ ಬಿಟ್ಟುಕೊಟ್ಟ. ಇಂದು ನಮ್ಮ ಬೀದಿಯಲ್ಲಿ ಓಡುವ ಹೆಚ್ಚಿನ ಸಣ್ಣ ಕಾರುಗಳ ಎಂಜಿನ್ ಅಡ್ಡಡ್ಡವೇ ಮಲಗಿದೆ. ‘ಬಸ್’ ಎಂಬ ಪದ ಬಂದದ್ದು ‘ಆಮ್ನಿಬಸ್’ ಎಂಬ ಲ್ಯಾಟಿನ್ ಪದದಿಂದ. ‘ಎಲ್ಲರಿಗಾಗಿ’ ಎಂದು ಅದರ ಅರ್ಥ. ಗಾಡಿಗೆ ಇದಕ್ಕಿಂತ ಒಳ್ಳೆಯ ಹೆಸರನ್ನು ನಾನು ಕೇಳಿಲ್ಲ.

ಏಳು ಸೀಟಿನದರಲ್ಲಿ ಯಾವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಕಡೆ ಎಲ್ಲರ ಬಾಯಲ್ಲೂ ಇನ್ನೋವಾ. 2005ರಿಂದ ಬಿಡದಿಯಲ್ಲಿ ತಯಾರಾದ ಗಾಡಿ ಅದು. 2016ರಲ್ಲಿ ಕ್ರಿಸ್ಟಾ ಬಂತು. ಮೂರನೆಯ ಸಾಲಿನಲ್ಲೂ ದೊಡ್ಡವರು ಕೂರಬಹುದು, ಅಲ್ಲಿಗೂ ಎಸಿ ಗಾಳಿ ಬರುತ್ತದೆ. ಆದರೆ ಅದು ಛಾಸಿ ಎಂಬ ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ ಗಾಡಿ, ನೆಲ ಎತ್ತರ. ನಿಮ್ಮ ಅತ್ತೆಯವರು ಸೀರೆ ಎತ್ತಿ ಹಿಡಿದು ಹತ್ತಬೇಕಾಗುತ್ತದೆ. ನಿಮ್ಮ ಹಣಕ್ಕೆ ಬರುವ ಇನ್ನೋವಾಕ್ಕೆ ವಯಸ್ಸೂ ಆಗಿರುತ್ತದೆ. 2012ರ ಗಾಡಿಯಾದರೆ 2027ಕ್ಕೆ ಹದಿನೈದು ವರ್ಷದ ನೋಂದಣಿ ಮುಗಿಯುತ್ತದೆ. ಆಮೇಲೆ ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ (ಎಫ್‌ಸಿ) ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಮಾರುತಿಯ ಎರ್ಟಿಗಾದ ನೆಲ ತಗ್ಗು, ಹತ್ತುವುದು ಇಳಿಯುವುದು ಸಲೀಸು. 2018ರ ನವೆಂಬರ್‌ನಲ್ಲಿ ಬಂದ ಎರಡನೆಯ ಪೀಳಿಗೆಯ ಉದ್ದ 4395 ಮಿಲಿಮೀಟರ್, ಹಳೆಯದಕ್ಕಿಂತ ಹೆಚ್ಚು. ಮೂರನೆಯ ಸಾಲಿನಲ್ಲಿ ಜನ ಕುಳಿತರೆ ಡಿಕ್ಕಿಗೆ ಉಳಿಯುವುದು 209 ಲೀಟರ್; ಎರಡು ಬ್ಯಾಗು, ಒಂದು ತಿಂಡಿಯ ಡಬ್ಬಿ. ನೀವು ಐದೇ ಜನವಾದ್ದರಿಂದ ಹಿಂದಿನ ಅರ್ಧ ಸೀಟು ಮಡಚಿದರೆ ಸಾಕು. ಕಾರುಗಳ ಅಪಘಾತ ಪರೀಕ್ಷೆ ನಡೆಸಿ ಐದರವರೆಗೆ ನಕ್ಷತ್ರ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2019ರಲ್ಲಿ ಅದಕ್ಕೆ ಕೊಟ್ಟದ್ದು ಮೂರು ನಕ್ಷತ್ರ. 2018ರಲ್ಲಿ ನಾಲ್ಕು ನಕ್ಷತ್ರ ಪಡೆದ ಮಹೀಂದ್ರದ ಮರಾಜೊವನ್ನೂ ಒಮ್ಮೆ ನೋಡಿ. ಸುಮೊ, ಬೊಲೆರೊಗಳಂತೆ ಹಿಂದೆ ಎದುರುಬದುರು ಅಡ್ಡಸೀಟು ಇರುವುದನ್ನು ಮಾತ್ರ ಮಕ್ಕಳಿಗಾಗಿ ಕೊಳ್ಳಬೇಡಿ, ಎಷ್ಟೇ ಅಗ್ಗಕ್ಕೆ ಸಿಗಲಿ.

ಯಾವುದೇ ಆದರೂ 2019ರ ನಂತರದ್ದು ಹುಡುಕಿ. ಆ ವರ್ಷದ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು, ಜುಲೈಯಿಂದ ಚಾಲಕನಿಗೆ ಏರ್‌ಬ್ಯಾಗ್. ಚಾಲಕನ ಪಕ್ಕದವರಿಗೂ ಕಡ್ಡಾಯವಾದದ್ದು 2022ರ ಜನವರಿಯಲ್ಲಿ. ಕ್ರಮ ನೋಡಿದಿರಾ? ಮೊದಲು ಓಡಿಸುವವನಿಗೆ, ಎರಡೂವರೆ ವರ್ಷ ಕಳೆದ ಮೇಲೆ ಪಕ್ಕದವರಿಗೆ. ಹಿಂದಿನವರಿಗೆ ಬೆಲ್ಟ್ ಒಂದೇ ಆಸರೆ. ಅದನ್ನು ಹಾಕದಿದ್ದರೆ ಸಾವಿರ ರೂಪಾಯಿ ದಂಡವೆಂದು ಕಾನೂನಿನಲ್ಲಿದೆ. ನಮ್ಮೂರಿನಲ್ಲಿ ಹಿಂದೆ ಕುಳಿತು ಬೆಲ್ಟ್ ಹಾಕಿಕೊಂಡವರನ್ನು ಬೆರಳಿನಲ್ಲಿ ಎಣಿಸಬಹುದು.

ಎಲ್ಲ ಕಡೆಯೂ ಹೀಗೇ ಆಗಿದೆ. ನಮ್ಮ ಹೊಸ ಬಡಾವಣೆಗಳ ಮನೆ ನೋಡಿ. ಬೀದಿಗೆ ಕಾಣುವ ಗೋಡೆಗೆ ಕಲ್ಲಿನ ಹೊದಿಕೆ, ಬಣ್ಣದ ದೀಪ. ಅಜ್ಜಿಯ ಕೋಣೆಗೆ ಗಾಳಿ ಬರುವ ಕಿಟಕಿಯಿಲ್ಲ. ಕಲ್ಯಾಣಮಂಟಪದಲ್ಲಿ ವೇದಿಕೆಯ ಹೂವಿಗೆ ಲಕ್ಷ ಸುರಿಯುತ್ತಾರೆ, ಊಟವಾದ ಮೇಲೆ ಕೈ ತೊಳೆಯುವ ನಲ್ಲಿಯಲ್ಲಿ ನೀರಿಲ್ಲ. ಶಾಲೆಯ ಕಮಾನು ದೂರದಿಂದಲೇ ಕಾಣುತ್ತದೆ. ಒಳಗಿನ ಬೆಂಚು ಐದನೆಯ ತರಗತಿಯ ಮಗುವಿನ ಅಳತೆಯದು, ಅದರಲ್ಲಿ ಹತ್ತನೆಯ ತರಗತಿಯ ಹುಡುಗ ಮೊಣಕಾಲು ಮಡಚಿ ದಿನಕ್ಕೆ ಆರು ಗಂಟೆ ಕೂರುತ್ತಾನೆ. ನೀವು ಶಿಕ್ಷಕಿ, ನಾನು ನೋಡಿದ್ದಕ್ಕಿಂತ ಹೆಚ್ಚು ನೋಡಿರುತ್ತೀರಿ. ಹದಿಹರೆಯದವರಿಗೆ ಈ ಊರಿನಲ್ಲಿ ಯಾರಾದರೂ ಜಾಗ ಇಟ್ಟಿದ್ದಾರೆಯೇ? ಆಟದ ಬಯಲಿಗೆ ಬೇಲಿ ಬಿತ್ತು, ಸಂಜೆಯಾದರೆ ಟ್ಯೂಷನ್, ಮನೆಗೆ ಬಂದರೆ ಅಂಕಪಟ್ಟಿ. ‘ಹೊಂದಿಕೊಳ್ಳುತ್ತಾರೆ ಬಿಡಿ’ ಎನ್ನುತ್ತೇವೆ. ಹೊಂದಿಕೊಳ್ಳಿ ಎಂದು ಹೇಳುವವರು ಯಾವಾಗಲೂ ಕಾಲು ಚಾಚಿ ಕುಳಿತವರೇ ಆಗಿರುತ್ತಾರೆ. ಈ ಮಾತಿನ ಮೇಲೆ ನನಗೆ ಬಹಳ ವರ್ಷಗಳ ಸಿಟ್ಟಿದೆ. ಅದನ್ನು ನಿಮ್ಮ ಪತ್ರದಲ್ಲಿ, ಅದೂ ಒಬ್ಬ ತಾಯಿಯ ಅಕ್ಷರದಲ್ಲಿ ಓದಿ ನೊಂದುಕೊಂಡೆ.

ಜಾಗವಿದ್ದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇನೆ. ಎರಡು ವರ್ಷದ ಹಿಂದೆ ತಂಗಿಯ ಮನೆಯವರೊಂದಿಗೆ ಅವರ ಹಳೆಯ ಏಳು ಸೀಟಿನ ಗಾಡಿಯಲ್ಲಿ ಬೆಂಗಳೂರಿನಿಂದ ಮರಳುತ್ತಿದ್ದೆವು. ಸುಮಾರು 260 ಕಿಲೋಮೀಟರ್ ದಾರಿ. ತಂಗಿಯ ಮಗಳು, ಆಗ ಪಿಯುಸಿ ಮೊದಲ ವರ್ಷ, ಕೊನೆಯ ಸಾಲಿನಲ್ಲಿ ಕಾಲು ಮೇಲೆ ಮಾಡಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಮೂಲೆ ಹಿಡಿದಿದ್ದಳು. ಸಿರಾ ಬಂತು, ಹಿರಿಯೂರು ಬಂತು, ಹುಡುಗಿಯ ಸುಳಿವಿಲ್ಲ. ಭರಮಸಾಗರದ ಹತ್ತಿರ ಮಳೆ ಹಿಡಿಯಿತು. ಕತ್ತಲೆ, ವೈಪರಿನ ಸದ್ದು, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹಿಂದಿನಿಂದ ಮೆಲ್ಲಗೆ, “ಅಪ್ಪಾ, ನನಗೆ ಸೈನ್ಸ್ ಆಗುತ್ತಿಲ್ಲ” ಎಂದಳು. ಓಡಿಸುತ್ತಿದ್ದ ಅವಳಪ್ಪ ತಿರುಗಿ ನೋಡಲಿಲ್ಲ, ರಸ್ತೆಯ ಮೇಲೆ ಕಣ್ಣಿತ್ತು. “ಎಷ್ಟು ದಿನದಿಂದ, ಪುಟ್ಟಿ?” ಎಂದಷ್ಟೇ ಕೇಳಿದರು. ಮನೆಯ ಹಜಾರದಲ್ಲಿ ಎದುರುಬದುರು ನಿಂತಿದ್ದರೆ ಅದು ಜಗಳವಾಗುತ್ತಿತ್ತು. ಅಲ್ಲಿ ಅವಳಿಗೊಂದು ಮೂಲೆಯಿತ್ತು, ಓಡಿಹೋಗಲು ಬಾಗಿಲಿರಲಿಲ್ಲ. ದಾವಣಗೆರೆ ಮುಟ್ಟುವಷ್ಟರಲ್ಲಿ ಕಾಮರ್ಸ್ ಎಂದು ನಿಶ್ಚಯವಾಗಿತ್ತು.

ನೆಂಟರ ಮಾತಿಗೆ ಅಂಜಿದ್ದೀರಿ. ಹೊಳಲ್ಕೆರೆ ತಾಲ್ಲೂಕಿನ ನಮ್ಮ ಹಳ್ಳಿಗೆ ನನ್ನ ತಂದೆ ತಂದದ್ದು ಮೂರನೆಯ ಕೈಯ ಅಂಬಾಸಿಡರ್. ಹಿಂದಿನ ಸೀಟು ಮಂಚದಂತಿತ್ತು. ನಾವು ಐವರು ಮಕ್ಕಳು ಕೂತರೂ ಅಜ್ಜಿಯ ಎಲೆಯಡಿಕೆ ಚೀಲಕ್ಕೆ ಜಾಗ ಉಳಿಯುತ್ತಿತ್ತು. ಅದರಲ್ಲೇ ನಾಯಕನಹಟ್ಟಿ ಜಾತ್ರೆ, ಅದರಲ್ಲೇ ಆಸ್ಪತ್ರೆ, ಅದರಲ್ಲೇ ಅಕ್ಕನ ದಿಬ್ಬಣ. ಎಷ್ಟನೆಯ ಕೈಯದೆಂದು ಊರಿನಲ್ಲಿ ಒಬ್ಬರೂ ಕೇಳಲಿಲ್ಲ, ಏಕೆಂದರೆ ಊರಿನವರೆಲ್ಲ ಅದರಲ್ಲಿ ಒಂದಲ್ಲ ಒಂದು ದಿನ ಕುಳಿತಿದ್ದರು.

ಹಳೆಯದನ್ನು ಕೊಳ್ಳುವಾಗ ನಾಚಿಕೆ ಬೇಡ, ಎಚ್ಚರ ಬೇಕು. ಏಳು ಸೀಟಿನವು ಬಹಳಷ್ಟು ಬಾಡಿಗೆಗೆ ಓಡಿರುತ್ತವೆ. ಹಳದಿ ಬೋರ್ಡ್ ಬಿಳಿಯಾಗಿರಬಹುದು. ಆರ್‌ಸಿಯ ಪೂರ್ವಾಪರ ವಿಚಾರಿಸಿ. ಮೀಟರ್ ನಂಬಬೇಡಿ, ಪೆಡಲಿನ ರಬ್ಬರ್ ನೋಡಿ. ನಲವತ್ತು ಸಾವಿರ ಕಿಲೋಮೀಟರ್ ಎಂದು ತೋರಿಸುವ ಗಾಡಿಯ ಕ್ಲಚ್ ಪೆಡಲ್ ಸವೆದು ನುಣುಪಾಗಿದ್ದರೆ ಏಕೆಂದು ಕೇಳಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯಿರುತ್ತದೆ: 2319 ಎಂದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಕಲೆ ಇದ್ದರೆ ಗಾಡಿ ನೀರಿನಲ್ಲಿ ಮುಳುಗಿತ್ತೆಂದು ತಿಳಿದು ಕೈಮುಗಿದು ಬನ್ನಿ. ನಿಮ್ಮ ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ಯಿರಿ, ದಲ್ಲಾಳಿ ತೋರಿಸಿದವರನ್ನಲ್ಲ. ಮಾಲೀಕತ್ವ ವರ್ಗಾಯಿಸುವ ಫಾರ್ಮ್ 29, 30ಕ್ಕೆ ಸಹಿ ಆಗಲಿ, ಹಿಂದಿನ ಮಾಲೀಕರ ಸಾಲ ಇದ್ದರೆ ಅದು ತೀರಿತೆನ್ನುವ ಫಾರ್ಮ್ 35 ಬರಲಿ, ಆಮೇಲೆಯೇ ಪೂರ್ತಿ ಹಣ. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ.

ನಿಮ್ಮ ಮಗ ಕೀಲಿ ಕೇಳುತ್ತಿರಬಹುದು. ಹದಿನೆಂಟು ತುಂಬಿ ಲೈಸೆನ್ಸ್ ಕೈಗೆ ಬರುವ ಮುನ್ನ ಕೊಡಬೇಡಿ. ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಬರುವ ಭಾನುವಾರ ಐವರೂ ಹೋಗಿ ನೋಡಿ, ಯಜಮಾನರೊಬ್ಬರೇ ಹೋಗುವುದು ಬೇಡ. ಮಗ ಎತ್ತರದವನಾದರೆ ಚಾಲಕನ ಸೀಟನ್ನು ಅವನಿಗೆ ಹೊಂದಿಸಿ, ಅದರ ಹಿಂದೆ ನಿಮ್ಮ ಯಜಮಾನರು ಕೂರಲಿ, ಅವರ ಹಿಂದೆ ನೀವು ಕೂರಿ. ಮೂರನೆಯ ಸಾಲಿನಲ್ಲಿ ಮೊಣಕಾಲು ಎದೆಯ ಕಡೆಗೆ ಏರುತ್ತದೆಯೇ, ತೊಡೆ ಸೀಟಿಗೆ ತಾಗುತ್ತದೆಯೇ ಎಂದು ನೋಡಿ. ಎಷ್ಟೋ ಗಾಡಿಗಳಲ್ಲಿ ಅಲ್ಲಿ ನೆಲ ಮೇಲೆ ಬಂದು ಸೀಟು ಕೆಳಗಿರುತ್ತದೆ. ಎರಡು ನಿಮಿಷ ಸಾಲದು, ಅರ್ಧ ಗಂಟೆ ಕೂರಿ. ಬಾತಿಯ ಕಡೆಗೋ ಹರಿಹರದ ಕಡೆಗೋ ಒಂದು ಸುತ್ತು ಓಡಿಸಿ. ಅತ್ತೆಯವರು ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿದು, ಬೆಲ್ಟನ್ನು ತಾವೇ ಹಾಕಿಕೊಳ್ಳಲಿ. ಆದರೆ ಎಲ್ಲರಿಗಿಂತ ಮೊದಲು ಮಗಳನ್ನು ಹತ್ತಿಸಿ. ತನ್ನ ಜಾಗ ಯಾವುದೆಂದು ಅವಳೇ ಹೇಳಲಿ, ಉಳಿದವರು ಆಮೇಲೆ ಕೂರಿ.

— ಸಂಪಾದಕ