ವಿಯೆಟ್ನಾಂನಲ್ಲಿ ಎಲ್ಲರೂ ಹೆಲ್ಮೆಟ್ ಹಾಕ್ತಾರಂತೆ, ನಿಜಾನಾ? ಅಲ್ಲಿರುವ ಕನ್ನಡಿಗರು ಹೇಳಿ

ನಿಮ್ಮ ಒಂದು ಪ್ರಶ್ನೆಯೊಳಗೆ ಮೂರಿವೆ. ಅಲ್ಲಿ ಎಲ್ಲರೂ ಹೆಲ್ಮೆಟ್ ಹಾಕುವುದು ನಿಜವಾ, ಅದು ಜನರ ಶಿಸ್ತೋ ಪೊಲೀಸರ ಭಯವೋ, ಮತ್ತು ಅಲ್ಲಿರುವ ನಮ್ಮವರು ಊರಿಗೆ ಬಂದಾಗಲೂ ಹಾಕುತ್ತಾರಾ. ಮೂರನೆಯದನ್ನು ಸ್ವಲ್ಪ ಚುಚ್ಚಿಯೇ ಕೇಳಿದ್ದೀರಿ. ಇರಲಿ, ಅದನ್ನು ಕೊನೆಗೆ ಹೇಳುತ್ತೇನೆ.

ನಾನು ತುಮಕೂರಿನವನು. 2018ರಿಂದ ಹೋ ಚಿ ಮಿನ್ ಸಿಟಿಯಲ್ಲಿದ್ದೇನೆ. ಇಲ್ಲಿನವರು ಮಾತಿನಲ್ಲಿ ಈಗಲೂ ಸೈಗಾನ್ ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಕೆಲಸ ಗಾರ್ಮೆಂಟ್ಸ್ ಕ್ವಾಲಿಟಿ ಚೆಕಿಂಗ್. ಒಂದು ಫ್ಯಾಕ್ಟರಿಯಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರಬೇಕು. ಹಾಗಾಗಿ ಮನೆಯವರ ಜೊತೆ ಕಳೆದದ್ದಕ್ಕಿಂತ ಸ್ಕೂಟರ್ ಮೇಲೆ ಕಳೆದ ಹೊತ್ತೇ ಜಾಸ್ತಿ.

ಹೌದು, ನಿಜ. ಸಿಗ್ನಲ್‌ನಲ್ಲಿ ಇನ್ನೂರು ಗಾಡಿ ನಿಂತಿದ್ದರೆ ಬರಿ ತಲೆ ಹುಡುಕಬೇಕಾಗುತ್ತದೆ. ನಾನು ಬಂದ ಮೊದಲ ವಾರ ಆಫೀಸಿನ ಒಬ್ಬ ಹೆಣ್ಣುಮಗಳು ನನ್ನನ್ನು ಕರೆದುಕೊಂಡು ಹೋಗಲು ಸ್ಕೂಟರ್ ತಂದಿದ್ದಳು. ಕಾಲಿನ ಹತ್ತಿರದ ಕೊಕ್ಕೆಯಲ್ಲಿ ಇನ್ನೊಂದು ಹೆಲ್ಮೆಟ್ ನೇತಾಡುತ್ತಿತ್ತು. ತೆಗೆದು ನನ್ನ ಕೈಗೆ ಕೊಟ್ಟಳು. ನಾನು ತಲೆ ಮೇಲೆ ಸುಮ್ನೆ ಇಟ್ಟುಕೊಂಡೆ. ಗಾಡಿ ಮುಂದೆ ಹೋಗಲಿಲ್ಲ. ಗದ್ದದ ಕೆಳಗಿನ ಪಟ್ಟಿ ಟಕ್ ಅಂತ ಸದ್ದು ಮಾಡಿದ ಮೇಲೆಯೇ ಹೊರಟಳು. ಇಲ್ಲಿ ಪಟ್ಟಿ ಹಾಕಿಕೊಳ್ಳದಿದ್ದರೂ ಹೆಲ್ಮೆಟ್ ಇಲ್ಲದಷ್ಟೇ ದಂಡ ಅಂತ ಆಮೇಲೆ ಗೊತ್ತಾಯಿತು.

ಆಹಾ, ಎಂಥ ಶಿಸ್ತಿನ ಜನ ಅಂದುಕೊಂಡೆ. ಐದು ನಿಮಿಷವಾಗಿರಲಿಲ್ಲ, ರಸ್ತೆ ಜಾಮ್ ಆಯಿತು. ಆ ಶಿಸ್ತಿನ ಹೆಣ್ಣುಮಗಳು ಗಾಡಿಯನ್ನು ಫುಟ್‌ಪಾತ್ ಮೇಲೆ ಹತ್ತಿಸಿದಳು. ನೂಡಲ್ಸ್ ಸೂಪ್ ಕುಡಿಯುತ್ತ ಕೂತಿದ್ದ ಮುದುಕರೊಬ್ಬರು ತಮ್ಮ ಪ್ಲಾಸ್ಟಿಕ್ ಸ್ಟೂಲನ್ನು ಒಂದು ಗೇಣು ಸರಿಸಿ ಜಾಗ ಬಿಟ್ಟರು. ಮುಖದಲ್ಲಿ ಸಿಟ್ಟಿರಲಿ, ಆಶ್ಚರ್ಯವೂ ಇರಲಿಲ್ಲ. ಆವತ್ತೇ ನನಗೆ ಅನ್ನಿಸಿದ್ದು, ಇವರು ಶಿಸ್ತು, ನಾವು ಅಶಿಸ್ತು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ ಅಂತ. ಅದೇ ಜನ ಒಂದು ನಿಯಮವನ್ನು ಉಸಿರಾಟದಷ್ಟು ಸಲೀಸಾಗಿ ಪಾಲಿಸುತ್ತಾರೆ, ಇನ್ನೊಂದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಹೆಲ್ಮೆಟ್ ಮಾತ್ರ ಯಾಕೆ ನಿಂತಿತು?

ಅದಕ್ಕೆ 2007ಕ್ಕೆ ಹೋಗಬೇಕು. ನಾನು ಆಗ ಇಲ್ಲಿರಲಿಲ್ಲ, ಕೇಳಿದ್ದು ನಮ್ಮ ಮನೆ ಮಾಲೀಕರಾದ ಅಜ್ಜಿಯಿಂದ. ಅದಕ್ಕೂ ಮುಂಚೆ ಹೆಲ್ಮೆಟ್ ಹಾಕಿದವರನ್ನು ನೋಡಿ ಜನ ನಗುತ್ತಿದ್ದರಂತೆ. ಅದಕ್ಕೆ ಇಟ್ಟಿದ್ದ ಹೆಸರು ರೈಸ್ ಕುಕ್ಕರ್. 'ಏನಪ್ಪಾ, ಅನ್ನದ ಕುಕ್ಕರ್ ತಲೆ ಮೇಲಿಟ್ಟುಕೊಂಡು ಹೊರಟಿದ್ದೀಯ' ಅಂತ. ಸೆಕೆ, ಕೂದಲು ಹಾಳಾಗುತ್ತೆ, ಹಿಂದಿನ ಗಾಡಿ ಸದ್ದು ಕೇಳಲ್ಲ, ಇಲ್ಲೇ ಹತ್ತಿರ ಹೋಗೋಕೆ ಯಾಕೆ. ಈ ನೆಪಗಳನ್ನೆಲ್ಲ ನಾನು ತುಮಕೂರಿನ ಬಿ.ಎಚ್. ರಸ್ತೆಯಲ್ಲೂ ಕೇಳಿದ್ದೇನೆ. ಅಕ್ಷರ ಬದಲಾಗಿಲ್ಲ, ಭಾಷೆ ಮಾತ್ರ ಬೇರೆ.

ಆ ವರ್ಷ ಸೆಪ್ಟೆಂಬರ್ 15ರಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಿದರು. ಡಿಸೆಂಬರ್ 15ರಿಂದ ದೇಶದ ಎಲ್ಲ ರಸ್ತೆಗಳಲ್ಲೂ, ಓಡಿಸುವವರಿಗೂ ಹಿಂದೆ ಕೂರುವವರಿಗೂ ಒಟ್ಟಿಗೇ. ಅಜ್ಜಿ ಹೇಳುವ ಪ್ರಕಾರ ಹಿಂದಿನ ರಾತ್ರಿಯವರೆಗೂ ಅಂಗಡಿಗಳ ಮುಂದೆ ನೂಕುನುಗ್ಗಲು. ಬೆಳಗಾದರೆ ಇಡೀ ಬೀದಿಯೇ ರೈಸ್ ಕುಕ್ಕರ್. ಆ ನಂತರದ ಸಮೀಕ್ಷೆಗಳಲ್ಲಿ 100ಕ್ಕೆ 90ಕ್ಕೂ ಜಾಸ್ತಿ ಜನ ಹೆಲ್ಮೆಟ್ ಹಾಕಿಕೊಂಡಿರುವುದು ಕಂಡುಬಂತು. ಪೊಲೀಸರು ಮೊದಲ ದಿನದಿಂದಲೇ ಹಿಡಿದರು, ಆ ಮಾತು ಬೇರೆ. ಆದರೆ ಅಜ್ಜಿಯ ವಿವರಣೆ ನನಗೆ ಇನ್ನೂ ಇಷ್ಟ. 'ಎಲ್ಲರ ತಲೆ ಮೇಲೂ ಕುಕ್ಕರ್ ಕೂತ ಮೇಲೆ ನಗೋಕೆ ಯಾರು ಉಳಿದರು?'

ನಮ್ಮಲ್ಲಿ ಇದು ಕಂತಿನಲ್ಲಿ ಬಂತು. ಕಾನೂನು ಪುಸ್ತಕದಲ್ಲಿ 1988ರಿಂದಲೂ ಇದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ ಹೆಲ್ಮೆಟ್ ಅಂತ ಬಿಗಿ ಮಾಡಿದ್ದು 2016ರ ಜನವರಿಯಲ್ಲಿ. 2019ರಲ್ಲಿ ಕೇಂದ್ರ ದಂಡವನ್ನು 1,000 ರೂಪಾಯಿಗೆ ಏರಿಸಿತು, ರಾಜ್ಯ ಅದನ್ನು 500ಕ್ಕೆ ಇಳಿಸಿತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟರು. ಆಷಾಢದ ಸೀರೆ ಸೇಲ್ ಥರ ಜನ ಕ್ಯೂ ನಿಂತು ಕಟ್ಟಿದರು. ಬಾಕಿ ವಸೂಲಾಯಿತು, ಸರಿ. ಆದರೆ ಮುಂದಿನ ಸೇಲ್‌ವರೆಗೆ ಕಾದರಾಯಿತು ಅನ್ನುವ ಬುದ್ಧಿಯೂ ಬಂತಲ್ವಾ?

ಹಾಗಂತ ಇಲ್ಲಿಯದೆಲ್ಲ ಚಿನ್ನ ಅಂದುಕೊಳ್ಳಬೇಡಿ. ತಲೆ ಮೇಲೆ ಇರುವುದು ಏನು ಅಂತ ಹತ್ತಿರ ಹೋಗಿ ನೋಡಿದರೆ ಎದೆ ಝಲ್ ಅನ್ನುತ್ತದೆ. ಕ್ರಿಕೆಟ್ ಕ್ಯಾಪ್‌ನಷ್ಟು ತೆಳ್ಳಗಿನ ಪ್ಲಾಸ್ಟಿಕ್, ಮೇಲೊಂದು ಬೆಕ್ಕಿನ ಚಿತ್ರ, ಒಳಗೆ ಬೆರಳಿನಿಂದ ಒತ್ತಿದರೆ ಕುಸಿಯುವ ಸ್ಪಂಜು. ಸರ್ಕಾರದ ಗುಣಮಟ್ಟದ ಮುದ್ರೆ, ನಮ್ಮ ಐಎಸ್ಐ ಥರದ್ದು, ಇರಲೇಬೇಕು. ಫುಟ್‌ಪಾತ್‌ನಲ್ಲಿ ರಾಶಿ ಹಾಕಿ ಮಾರುವವರ ಹತ್ತಿರ ಆ ಮುದ್ರೆಯ ಸ್ಟಿಕ್ಕರ್ ಕೂಡ ಸಿಗುತ್ತದೆ. ನಾನು ಮೊದಲು ಕೊಂಡದ್ದು ಅಂಥದ್ದನ್ನೇ. ಒಂದು ದಿನ ಮೇಜಿನಿಂದ ನೆಲಕ್ಕೆ ಬಿತ್ತು, ಎರಡು ಹೋಳು. ಒಳಗೆ ತಲೆಯೇ ಇರಲಿಲ್ಲ, ಪುಣ್ಯ. ಆವತ್ತೇ ಹೋಗಿ ಒಳ್ಳೆಯದನ್ನು ತಂದೆ.

ಆದರೆ ಸೆಕೆಯ ನೆಪವನ್ನು ಇಲ್ಲಿ ಸುಮ್ನೆ ಬೈದು ಬಿಡಲಿಲ್ಲ, ಅದನ್ನು ಮೆಚ್ಚಬೇಕು. ಹನೋಯ್‌ನಲ್ಲಿ ಪ್ರೊಟೆಕ್ ಅಂತ ಒಂದು ಫ್ಯಾಕ್ಟರಿ ಇದೆ, ರಸ್ತೆ ಸುರಕ್ಷತೆಗೆ ದುಡಿಯುವ ಸಂಸ್ಥೆಯೊಂದು ಶುರು ಮಾಡಿದ್ದು. ಬಿಸಿಲಿನ ದೇಶಕ್ಕೆ ಅಂತಲೇ ಹಗುರವಾದ, ಗಾಳಿಯಾಡುವ ಹೆಲ್ಮೆಟ್ ಮಾಡಿದರು. ಅಂಗಡಿಗಳಲ್ಲಿ ಹಿಂದೆ ಜುಟ್ಟಿಗೆ ಜಾಗ ಬಿಟ್ಟ ಹೆಲ್ಮೆಟ್ ಸಿಗುತ್ತದೆ. ನಮ್ಮ ಹೆಣ್ಣುಮಕ್ಕಳು ಜಡೆಗೆ ಮಲ್ಲಿಗೆ ಮುಡಿದು ಹೆಲ್ಮೆಟ್ ಹಾಕಲು ಒದ್ದಾಡುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ನನ್ನ ನಿಜವಾದ ಜಗಳ ಇರುವುದು ಮಕ್ಕಳ ವಿಷಯದಲ್ಲಿ. ಇಲ್ಲಿ 6 ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ ಇಲ್ಲದಿದ್ದರೆ ದಂಡವಿಲ್ಲ. ಹಾಗಾಗಿ ಅಪ್ಪ ಅಮ್ಮ ಇಬ್ಬರ ತಲೆ ಮೇಲೂ ಹೆಲ್ಮೆಟ್, ಮುಂದೆ ಸ್ಟೂಲ್ ಮೇಲೆ ನಿಂತ ಮೂರು ವರ್ಷದ ಮಗುವಿನ ತಲೆ ಬರಿದು. ಕಾನೂನು ಎಲ್ಲಿ ನಿಂತಿತೋ ಅಲ್ಲಿಗೆ ಅಭ್ಯಾಸವೂ ನಿಂತುಬಿಟ್ಟಿದೆ. ಕಾಗದದ ಮೇಲೆ ನೋಡಿದರೆ ನಮ್ಮದೇ ಮೇಲು. ನಮ್ಮಲ್ಲಿ 4 ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಬೇಕು. ಅದಕ್ಕಿಂತ ಚಿಕ್ಕವರಿಗೂ, 9 ತಿಂಗಳು ದಾಟಿದ್ದರೆ, ಹೆಲ್ಮೆಟ್, ಸವಾರನಿಗೆ ಸೇರಿಸಿ ಕಟ್ಟುವ ಬೆಲ್ಟ್, ಗಂಟೆಗೆ 40 ಕಿ.ಮೀ. ಮೀರದ ವೇಗ ಅಂತ 2022ರಲ್ಲಿ ನಿಯಮ ಬಂತು. ಆ ಬೆಲ್ಟ್ ಕಟ್ಟಿದ ಮಗುವನ್ನು ನಾನು ಊರಲ್ಲಿ ಇನ್ನೂ ನೋಡಿಲ್ಲ.

ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ನಾನು ಪುಟ್ಟ ಹೆಲ್ಮೆಟ್ ತಂದು ಹಾಕಿದೆ. ಶಾಲೆಯ ಗೇಟಿನ ಹತ್ತಿರ ಒಬ್ಬ ಅಜ್ಜಿ ಬಂದು, ಮಗುವಿನ ಕುತ್ತಿಗೆಗೆ ಭಾರವಾಗುತ್ತದೆ, ತೆಗೆಯಪ್ಪಾ ಅಂತ ನನ್ನನ್ನೇ ಬೈದರು. ತಮ್ಮ ಹೆಲ್ಮೆಟ್ ಹಾಕಿಕೊಂಡೇ ಬೈದರು.

ಇನ್ನು ಇಲ್ಲಿನ ಬದುಕಿನ ಬಗ್ಗೆ. ಇಲ್ಲಿ ಹೆಲ್ಮೆಟ್ ಅನ್ನುವುದು ಚಪ್ಪಲಿ ಥರ ಒಂದು ಉಡುಪು. ಸೈಗಾನ್‌ನಲ್ಲಿ ಅದಕ್ಕೆ 'ನಾನ್ ಬಾವ್ ಹಿಯೆಮ್' ಅನ್ನುತ್ತಾರೆ. ನಾನ್ ಅಂದರೆ ಟೋಪಿ, ಬಾವ್ ಹಿಯೆಮ್ ಅಂದರೆ ವಿಮೆ. ವಿಮೆ ಟೋಪಿ! ಸಂತೆಯಲ್ಲಿ ಹೆಂಗಸರು ಗಾಡಿಯಿಂದ ಇಳಿಯದೆ, ಟೋಪಿ ತೆಗೆಯದೆ ಸೊಪ್ಪು, ಮೀನು ಚೌಕಾಸಿ ಮಾಡುತ್ತಾರೆ. ಬ್ಯಾಂಕಿನಲ್ಲಿ, ಔಷಧಿ ಅಂಗಡಿಯಲ್ಲಿ ಹೆಲ್ಮೆಟ್ ತೆಗೆಯುವುದನ್ನೇ ಮರೆತು ನಿಂತವರು ಸಿಗುತ್ತಾರೆ. ಬೈಕ್ ಟ್ಯಾಕ್ಸಿಗೆ ಇಲ್ಲಿ 'ಸೆ ಓಮ್' ಅಂತ ಹೆಸರು, ಅಪ್ಪಿಕೊಳ್ಳುವ ಗಾಡಿ ಅಂತ ಅರ್ಥ. ಈಗ ಗ್ರ್ಯಾಬ್ ಆ್ಯಪ್‌ನಲ್ಲಿ ಕರೆದರೆ ಹಸಿರು ಜಾಕೆಟ್‌ನವನು ಬಂದು ಮೊದಲು ಹೆಲ್ಮೆಟ್ ಚಾಚುತ್ತಾನೆ. ಅದರೊಳಗೆ ಬೆಳಗಿನಿಂದ ಎಷ್ಟು ತಲೆ ಹೋಗಿ ಬಂದಿವೆಯೋ ದೇವರೇ ಬಲ್ಲ. ನನ್ನ ಹೆಂಡತಿ ಪರ್ಸಿನಲ್ಲಿ ಒಂದು ತೆಳು ಬಟ್ಟೆ ಇಟ್ಟುಕೊಂಡಿರುತ್ತಾಳೆ.

ಇಡೀ ಊರು ಬೀದಿಯಲ್ಲೇ ಬದುಕುತ್ತದೆ. ತಿಂಡಿ, ಕಾಫಿ, ಕ್ಷೌರ, ಪಂಚಾಯಿತಿ ಎಲ್ಲ ಫುಟ್‌ಪಾತ್‌ನಲ್ಲಿ. ಅಲ್ಲಲ್ಲಿ ಮನೆ ಮುಂದೆ ಐಸ್ ಹಾಕಿದ ಚಹಾದ ದೊಡ್ಡ ಕ್ಯಾನ್, ಪಕ್ಕದಲ್ಲಿ ಲೋಟ, 'ಉಚಿತ' ಅನ್ನುವ ಬೋರ್ಡ್. ನಮ್ಮ ಬೇಸಿಗೆಯ ಅರವಟ್ಟಿಗೆ ನೆನಪಾಗುತ್ತದೆ, ಇಲ್ಲಿ ವರ್ಷವಿಡೀ ಇರುತ್ತದೆ. ಒಮ್ಮೆ ಮಳೆಯಲ್ಲಿ ನಾನು ಜಾರಿ ಬಿದ್ದಾಗ ಎತ್ತಿದ್ದು ಲಾಟರಿ ಮಾರುವವಳು, ಗಾಡಿಯನ್ನು ಬದಿಗೆ ತಳ್ಳಿದ್ದು ಇಬ್ಬರು ಶಾಲಾ ಹುಡುಗರು. ಹೆಲ್ಮೆಟ್ ಒಂದು ಬದಿ ಸವೆದಿತ್ತು. ಕಿವಿಯ ಜಾಗ ಅದು. ಲಾಟರಿಯವಳು ಆ ಸವೆದ ಜಾಗವನ್ನು ತಟ್ಟಿ ತೋರಿಸಿ ನಕ್ಕಳು. ಎದ್ದ ಮೇಲೆ ಎರಡು ಟಿಕೆಟ್ ಕೊಂಡೆ. ಹೊಡೆಯಲಿಲ್ಲ.

ಎರಡನೆಯ ಪ್ರಶ್ನೆ, ಭಯವೋ ಶಿಸ್ತೋ. 2025ರ ಜನವರಿಯಲ್ಲಿ ಇದನ್ನು ಕಣ್ಣಾರೆ ನೋಡುವ ಅವಕಾಶ ಸಿಕ್ಕಿತು. ಹೆಲ್ಮೆಟ್ ದಂಡ ಈಗ 4 ಲಕ್ಷದಿಂದ 6 ಲಕ್ಷ ಡಾಂಗ್. ಕೇಳಿ ಗಾಬರಿಯಾಗಬೇಡಿ, ನಮ್ಮ ದುಡ್ಡಿನಲ್ಲಿ ಸುಮಾರು 1,300ರಿಂದ 2,000 ರೂಪಾಯಿ. ಆದರೆ ಆ ಜನವರಿ 1ರಿಂದ ಬೈಕ್‌ನವರು ಕೆಂಪು ದೀಪ ಹಾರಿದರೆ, ಫುಟ್‌ಪಾತ್ ಹತ್ತಿಸಿದರೆ 40ರಿಂದ 60 ಲಕ್ಷ ಡಾಂಗ್ ಮಾಡಿದರು. ಅಂದರೆ 13,000ದಿಂದ 20,000 ರೂಪಾಯಿ. ಫ್ಯಾಕ್ಟರಿಯಲ್ಲಿ ಹೊಲಿಯುವವರಿಗೆ ಅದು ಅರ್ಧ ತಿಂಗಳ ಸಂಬಳ. ಮಾರನೆಯ ದಿನವೇ ಊರು ಬದಲಾಯಿತು. ಗೆರೆ ದಾಟದೆ ನಿಂತ ಗಾಡಿಗಳ ಸಾಲು. ಬಲಕ್ಕೆ ತಿರುಗಲೂ (ನಮ್ಮಲ್ಲಿ ಎಡಕ್ಕೆ ತಿರುಗಿದ ಹಾಗೆ) ಹೆದರಿ ನಿಂತು ಎಲ್ಲೆಡೆ ಜಾಮ್. ಆಮೇಲೆ ನಗರಾಡಳಿತದವರು ಸಿಗ್ನಲ್‌ಗಳಲ್ಲಿ ಬಲ ತಿರುವಿನ ಬಾಣ ಹಾಕುತ್ತಾ ಬಂದರು. ನನ್ನನ್ನು ಫುಟ್‌ಪಾತ್ ಹತ್ತಿಸಿದ ಆ ಸಹೋದ್ಯೋಗಿ ಈಗ ಕೆಳಗೇ ಕಾಯುತ್ತಾಳೆ, ಗೊಣಗುತ್ತಾ.

ಅದು ಸದ್ಯಕ್ಕೆ ಶುದ್ಧ ಭಯ. ಕುಡಿದು ಓಡಿಸುವುದರ ಮೇಲೆ 2020ರಿಂದ ಇರುವ ನಿಯಮವೂ ಮೊದಲು ಭಯವೇ ಆಗಿತ್ತು. ಒಂದು ಗುಟುಕು ಬಿಯರ್ ಕೂಡ ತಪ್ಪು. ಆಗ ಗೊಣಗಿದ ನನ್ನ ಗೆಳೆಯರು ಈಗ ಕುಡಿಯುವ ದಿನ ಗಾಡಿಯನ್ನೇ ತರುವುದಿಲ್ಲ, ಅದರ ಬಗ್ಗೆ ಮಾತೂ ಆಡುವುದಿಲ್ಲ. ಹೆಲ್ಮೆಟ್ ಆ ದಾರಿಯಲ್ಲಿ ತುಂಬ ಮುಂದೆ ಹೋಗಿದೆ. ರಾತ್ರಿ ಎರಡು ಗಂಟೆಗೆ, ಒಬ್ಬ ಪೊಲೀಸೂ ಇಲ್ಲದ ರಸ್ತೆಯಲ್ಲೂ ಹಾಕಿರುತ್ತಾರೆ. ಮನೆಯ ಓಣಿಯೊಳಗೆ ಮಾತ್ರ ತೆಗೆದು ಕನ್ನಡಿಗೆ ಸಿಕ್ಕಿಸುತ್ತಾರೆ. ಆ ಓಣಿ ಅವರಿಗೆ ಮನೆಯ ಅಂಗಳವಿದ್ದ ಹಾಗೆ.

ಹೆಲ್ಮೆಟ್ ಇಲ್ಲದೆ ಓಡಾಡುವವರಲ್ಲಿ ಎದ್ದು ಕಾಣುವವರು ನಮ್ಮಂಥ ಹೊರಗಿನವರೇ. ಬನಿಯನ್, ಚಡ್ಡಿ, ಬಾಡಿಗೆ ಸ್ಕೂಟರ್, ಗಾಳಿಗೆ ಹಾರುವ ಕೂದಲು. ಇಲ್ಲಿ ಏನು ಮಾಡಿದರೂ ನಡೆಯುತ್ತದೆ ಅನ್ನುವ ಭಾವನೆ. ನೀವು ಪ್ರವಾಸಕ್ಕೆ ಬರುವುದಾದರೆ ಒಂದು ಮಾತು. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರದ್ದನ್ನು. ಹಾಗಾಗಿ ಅದು ಇಲ್ಲಿ ನಡೆಯುವುದಿಲ್ಲ. ಬಾಡಿಗೆ ಅಂಗಡಿಯವನು ಕೇಳುವುದಿಲ್ಲ, ಬಿದ್ದ ಮೇಲೆ ವಿಮೆಯವರು ಕೇಳುತ್ತಾರೆ. ನಾನು ನಮ್ಮ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಾಯಿಸಿಕೊಂಡು ಓಡಿಸುತ್ತಿದ್ದೇನೆ. ನೀವು ಬಂದರೆ ಗ್ರ್ಯಾಬ್ ಹಿಡಿಯಿರಿ.

ಈಗ ಮೂರನೆಯದು. ಮೊದಲ ಸಲ ರಜೆಗೆ ಬಂದಾಗ ಹಾಕಿರಲಿಲ್ಲ. ಒಂದು ವರ್ಷ ದಿನಾ ಹಾಕಿದವನು, ತಂಗಿಯ ಮದುವೆ ಕಾರ್ಡ್ ಹಂಚಲು ಚಿಕ್ಕಪ್ಪನ ಬೈಕ್ ತೆಗೆದುಕೊಂಡು ಬರಿ ತಲೆಯಲ್ಲಿ ಊರೆಲ್ಲ ಸುತ್ತಿದೆ. ಚಿಕ್ಕಪ್ಪನ ಹೆಲ್ಮೆಟ್ ಟ್ಯಾಂಕ್ ಮೇಲೆ ಕೂತು ನನ್ನ ಜೊತೆಗೇ ಸುತ್ತಿತು. ಯಾರೂ ಹಾಕಿರಲಿಲ್ಲ, ನಾನೊಬ್ಬನೇ ಹಾಕಲು ನಾಚಿಕೆಯಾಯಿತು. ಅಜ್ಜಿ ಹೇಳಿದ ಕುಕ್ಕರ್ ಕಥೆ ಪೂರ್ತಿ ಅರ್ಥವಾದದ್ದು ಆವತ್ತೇ.

ಸೈಗಾನ್‌ನಲ್ಲಿ ಜಾರಿ ಬಿದ್ದ ಮೇಲೆ ಹಾಕುತ್ತಿದ್ದೇನೆ, ಊರಲ್ಲೂ. ಕಳೆದ ಸಲ ಬಂದಾಗ ಚಿಕ್ಕಪ್ಪನಿಗೂ ಒಂದು ಒಳ್ಳೆಯದು ಕೊಡಿಸಿದೆ. ತರಕಾರಿ ತರಲು ಇಬ್ಬರೂ ಹೊರಟೆವು, ನಾನು ಓಡಿಸುವುದು, ಅವರು ಹಿಂದೆ. ಹೊಸ ಹೆಲ್ಮೆಟ್ ಚೀಲದಲ್ಲೇ ಇತ್ತು. 'ಹಾಕ್ಕೊಳ್ಳಿ ಚಿಕ್ಕಪ್ಪ' ಅಂದೆ. 'ಇಲ್ಲೇ ಕಣೋ, ಸರ್ಕಲ್‌ವರೆಗೆ' ಅಂದರು. ನಾನು ಗಾಡಿ ಸ್ಟಾರ್ಟ್ ಮಾಡದೆ ಸುಮ್ನೆ ಕೂತೆ. ಒಂದು ನಿಮಿಷ ಕಾದು, ಏನೋ ಗೊಣಗಿ, ಹಾಕಿಕೊಂಡರು. ಪಟ್ಟಿಯ ಸದ್ದು ಮಾತ್ರ ಇನ್ನೂ ಕೇಳಿಸಿರಲಿಲ್ಲ. ಹಾಗೇ ಕೂತಿದ್ದೆ.