ಕುದುರೆ ಏರಿ ಬಂದ ವೈದ್ಯರು

ಓದುಗರ ಪತ್ರ: ‘ಅಮೆರಿಕದಲ್ಲಿ ವಲಸಿಗರು ಹೊಸದಾಗಿ ನೆಲೆಸುತ್ತಿದ್ದ ಗಡಿನಾಡಿನ ಹಳೆಯ ವೈದ್ಯರ ಬಗ್ಗೆ ಕಳೆದ ಸಂಚಿಕೆಯ ಲೇಖನ ಓದಿದೆ. ಪದವಿ ಇಲ್ಲದವರು ಊರೂರು ಸುತ್ತಿ ರಕ್ತ ತೆಗೆದು, ಭೇದಿ ಮಾತ್ರೆ ನುಂಗಿಸಿ ಹೋಗುತ್ತಿದ್ದರು. ಇವರನ್ನು ನಕಲಿ ಡಾಕ್ಟರು ಎನ್ನದೆ ಹೊಗಳುವುದೇಕೆ?’

ಸಂಪಾದಕರ ಉತ್ತರ: ಸಿಟ್ಟು ನ್ಯಾಯವೇ. ಆದರೆ ಅದನ್ನೆಲ್ಲ ಹಳ್ಳಿ ವೈದ್ಯರ ಮೇಲೆ ತೀರಿಸಿಕೊಂಡರೆ ಹೇಗೆ? ರಕ್ತ ತೆಗೆಯುವುದು, ಭೇದಿ ಮಾಡಿಸುವುದು ಪಟ್ಟಣದ ಪಂಡಿತರೇ ಬೋಧಿಸುತ್ತಿದ್ದ ವಿದ್ಯೆ. ಫಿಲಡೆಲ್ಫಿಯಾದ ಬೆಂಜಮಿನ್ ರಷ್ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಓದಿದ ಪ್ರೊಫೆಸರ್, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು. ಅವರ ಮಾತ್ರೆಯಲ್ಲಿದ್ದದ್ದು ಕ್ಯಾಲೊಮೆಲ್, ಅಂದರೆ ಪಾದರಸದ ಲವಣ. ಜೊತೆಗೆ ಭೇದಿ ಮಾಡಿಸುವ ಜಲಾಪ್ ಬೇರು. ಪಶ್ಚಿಮದ ಅನ್ವೇಷಣೆಗೆ ಹೊರಟ ಲೂಯಿಸ್–ಕ್ಲಾರ್ಕ್ ತಂಡ ಇಂಥ 600 ಮಾತ್ರೆ ಕಟ್ಟಿಕೊಂಡು ಹೋಗಿತ್ತು. ಅದನ್ನೇ ಹೆಚ್ಚು ದಿನ ನುಂಗಿದರೆ ಒಸಡು ಊದಿ ಹಲ್ಲು ಉದುರುತ್ತಿದ್ದವು.

ಇದಕ್ಕೆ ಎದುರು ನಿಂತವರಲ್ಲಿ ಮಿಸೌರಿಯ ಆ್ಯರೋ ರಾಕ್‌ನ ಜಾನ್ ಸ್ಯಾಪಿಂಗ್ಟನ್ ಒಬ್ಬರು. ಚಳಿಜ್ವರದವನ ರಕ್ತ ತೆಗೆಯಬೇಡಿ, ಕ್ವಿನೈನ್ ಕೊಡಿ ಎಂದರು. ಮಾತ್ರೆ ಮಾರಿ ಚೆನ್ನಾಗಿಯೇ ದುಡ್ಡು ಮಾಡಿದರು ಅನ್ನಿ. ಆದರೂ 1844ರಲ್ಲಿ ಪುಸ್ತಕ ಬರೆದು ಆ ಮಾತ್ರೆಯಲ್ಲೇನಿದೆ ಎಂಬುದನ್ನೂ ಬಯಲು ಮಾಡಿದರು.

ಇನ್ನು ಕೆಂಟಕಿಯ ಡ್ಯಾನ್‌ವಿಲ್‌ನಲ್ಲಿದ್ದ ಇಫ್ರೈಮ್ ಮೆಕ್‌ಡೊವೆಲ್. ಎಡಿನ್‌ಬರೋದಲ್ಲಿ ಪಾಠ ಕೇಳಿ, ಪದವಿ ಪಡೆಯದೆ ಊರಿಗೆ ಬಂದವರು. 1809ರ ಡಿಸೆಂಬರ್‌ನಲ್ಲಿ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಯನ್ನು ನೋಡಲು ಕರೆ ಬಂತು. ದಿನ ತುಂಬಿಯೂ ಹೆರಿಗೆಯಾಗಿಲ್ಲ, ಅವಳಿ ಇರಬೇಕು ಎಂದು ಅಲ್ಲಿಯ ವೈದ್ಯರು ಕಾಯುತ್ತಿದ್ದರು. ಮೆಕ್‌ಡೊವೆಲ್ ಪರೀಕ್ಷಿಸಿ, ಇದು ಗರ್ಭವಲ್ಲ, ಅಂಡಾಶಯದ ಗೆಡ್ಡೆ ಎಂದರು. ಇಂಥದ್ದನ್ನು ತೆಗೆದು ಯಶಸ್ಸು ಕಂಡವರ ಸುದ್ದಿ ತಾನು ಕೇಳಿಲ್ಲ, ಇದೊಂದು ಪ್ರಯೋಗ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆಕೆ ಒಪ್ಪಿ, ಆ ಚಳಿಯಲ್ಲಿ 60 ಮೈಲಿ ಕುದುರೆ ಮೇಲೆ ಬಂದರು. ಅರಿವಳಿಕೆ ಬಳಕೆಗೆ ಬಂದದ್ದು 1840ರ ದಶಕದಲ್ಲಿ; ಹಾಗಾಗಿ ಎಚ್ಚರವಿದ್ದಂತೆಯೇ ಹೊಟ್ಟೆ ಕೊಯ್ದರು. ಆಕೆ ಕೀರ್ತನೆ ಹೇಳುತ್ತ ಮಲಗಿದ್ದರಂತೆ. 25 ನಿಮಿಷದಲ್ಲಿ ಮುಗಿಯಿತು. ಹೊರಬಂದ ಗೆಡ್ಡೆ 10 ಕಿಲೋ ಮೀರಿತ್ತು. ಐದನೇ ದಿನ ನೋಡಿದರೆ ತಾವೇ ಹಾಸಿಗೆ ಸರಿಮಾಡುತ್ತಿದ್ದರು! ಆಮೇಲೆ 1842ರವರೆಗೂ ಬದುಕಿದರು.

1817ರಲ್ಲಿ ಮೆಕ್‌ಡೊವೆಲ್ ಇಂಥ ಮೂರು ಶಸ್ತ್ರಚಿಕಿತ್ಸೆಗಳ ವರದಿ ಪ್ರಕಟಿಸಿದಾಗ ಲಂಡನ್ನಿನ ವೈದ್ಯಪತ್ರಿಕೆಯ ಸಂಪಾದಕ ಜೇಮ್ಸ್ ಜಾನ್ಸನ್ ನಂಬಲಿಲ್ಲ, ಗೇಲಿ ಮಾಡಿದರು. ವರ್ಷಗಳ ನಂತರ ದೇವರ ಮತ್ತು ಡ್ಯಾನ್‌ವಿಲ್ ವೈದ್ಯರ ಕ್ಷಮೆ ಕೇಳಿದರು. (ನಮ್ಮಂಥ ಕುರ್ಚಿಯಲ್ಲಿ ಕೂತವರು ನೆನಪಿಡಬೇಕಾದ ಪ್ರಸಂಗ.) ಮೆಕ್‌ಡೊವೆಲ್‌ಗೆ ಗೌರವ ಎಂ.ಡಿ. ಸಿಕ್ಕಿದ್ದು 1825ರಲ್ಲಿ. ನೀವು ಕೇಳುವ ಪದವಿ ಇದ್ದದ್ದು ರಷ್‌ಗೆ, ಇಲ್ಲದ್ದು ಇವರಿಗೆ.

ಹಾಗೆಂದು ಹೊಗಳಿಕೆಯೊಂದೇ ಸಲ್ಲದು. ಆಕ್ಷೇಪ ಎತ್ತುವುದಾದರೆ ಇಲ್ಲಿ ಎತ್ತಿ: ಅದೇ ವರದಿಯ ಉಳಿದ ಇಬ್ಬರು ರೋಗಿಗಳು ಕಪ್ಪು ಗುಲಾಮ ಮಹಿಳೆಯರು. ಕ್ರಾಫರ್ಡ್‌ಗೆ ಬೇಡ ಎನ್ನುವ ಅವಕಾಶವಿತ್ತು. ಗುಲಾಮರ ದೇಹ ಕಾನೂನಿನ ಪ್ರಕಾರ ಯಜಮಾನನ ಸ್ವತ್ತು. ಅವರು ಒಪ್ಪಿದರೋ ಇಲ್ಲವೋ ಯಾರೂ ಕೇಳಬೇಕಿರಲಿಲ್ಲ. ವರದಿಯಲ್ಲಿ ಅವರ ಹೆಸರೂ ಇಲ್ಲ.